ಹಳೆಯ ರೇಡಿಯೋ ಮತ್ತು ಅಣುವ್ರತ

ಅಟ್ಟದ ಮೇಲೆ ಧೂಳು ಹಿಡಿದು ಕುಳಿತ ವಾಲ್ವ್ ರೇಡಿಯೋಗಳನ್ನು ಅರಸಿ ಕೊಳ್ಳುವವರುಂಟು. ಮರ್ಫಿ, ಬುಷ್, ಫಿಲಿಪ್ಸ್ ಪೆಟ್ಟಿಗೆಗಳನ್ನು ಸಾಲಾಗಿ ಜೋಡಿಸಿಟ್ಟುಕೊಂಡ ಶ್ರಾವಕನು ಪರಿಗ್ರಹದೋಷಕ್ಕೆ ಒಳಗಾಗುವನೆ?

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹವನ್ನು ವಸ್ತುಗಳ ಎಣಿಕೆಯಿಂದ ಅಳೆಯದೆ, ಅವುಗಳ ಮೇಲಿನ ಮೂರ್ಛೆಯಲ್ಲಿ ಗುರುತಿಸಿದರು. ಗೃಹಸ್ಥನಿಗೆ ವಿಹಿತವಾದುದು ಪರಿಮಾಣವ್ರತ. ತಾನು ಹಾಕಿಕೊಂಡ ಮಿತಿಯೊಳಗೆ ಹತ್ತು ರೇಡಿಯೋಗಳಿದ್ದ ಮಾತ್ರಕ್ಕೆ ವ್ರತಭಂಗವಾಗದು. ಒಂದೇ ಇದ್ದರೂ ಮೂರ್ಛೆ ತಪ್ಪಿತೆನ್ನಲಾಗದು. ಇಂಗ್ಲೆಂಡಿನ ಎಕೊ ಕಂಪನಿ 1934ರಲ್ಲಿ ವೆಲ್ಸ್ ಕೋಟ್ಸ್ ವಿನ್ಯಾಸದ, ಎ.ಡಿ. 65 ಎಂಬ ದುಂಡನೆಯ ಬೇಕಲೈಟ್ ರೇಡಿಯೋವನ್ನು ಹೊರತಂದಿತು. ಅದರಲ್ಲಿ ಹಸಿರು ಬಣ್ಣದ್ದು ವಿರಳ. ಒಳಗಿನ ಯಂತ್ರ ಒಂದೇ, ಹೊರಡುವ ಧ್ವನಿಯೂ ಒಂದೇ. ಆದರೂ ಸಂಗ್ರಾಹಕರು ಹಸಿರಿಗೆ ಬಹುಪಾಲು ಅಧಿಕ ಬೆಲೆ ತೆರುತ್ತಾರೆ. ಆ ಹೆಚ್ಚಿನ ಹಣ ಸಂದದ್ದು ಯಾವುದಕ್ಕೆ? ನೆರೆಯವನಲ್ಲಿ ಅದು ಇಲ್ಲವೆಂಬುದಕ್ಕೆ! ಕೆಟ್ಟುದನ್ನು ದುರಸ್ತಿ ಮಾಡಿ ಮತ್ತೆ ನುಡಿಸುವವನ ಆನಂದ ಬೇರೆ ಬಗೆಯದು. ಅದನ್ನು ನಾನು ಹಳಿಯಲಾರೆ.

ಇದಕ್ಕಿಂತ ಗುರುತರವಾದುದು ಬೆಲೆಯ ವಿಚಾರ. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವೂ ಒಂದು. ಎಂದರೆ ಅಸಲಿನೊಡನೆ ನಕಲನ್ನು ಬೆರೆಸಿ ಮಾರುವುದು. ಹಳೆಯ ರೇಡಿಯೋದ ಕಾಗದದ ಕಂಡೆನ್ಸರುಗಳು ಕಾಲಕ್ರಮದಲ್ಲಿ ಸೋರುತ್ತವೆ. ಹಾಗೆಯೇ ಬಿಟ್ಟರೆ ಔಟ್‌ಪುಟ್ ವಾಲ್ವ್ ಹಾಳಾದೀತು. ಅವುಗಳನ್ನು ಬದಲಿಸಲೇಬೇಕು. ಕೆಲವರು ಹಳೆಯ ಕಂಡೆನ್ಸರಿನ ಹೊರಕವಚದೊಳಗೆ ಹೊಸದನ್ನು ಅಡಗಿಸಿ ಕೂಡಿಸುತ್ತಾರೆ. ನೋಟಕ್ಕಾಗಿ ಮಾಡಿದ್ದಾದರೆ ಬಾಧಕವಿಲ್ಲ. ಅದನ್ನು ಬಾಯಿ ಬಿಟ್ಟು ಹೇಳದೆ, ಗುಂಡಿ, ಡಯಲಿನ ಗಾಜು, ಮುಂಬಟ್ಟೆ ಎಲ್ಲವೂ ಮೂಲದವೆಂದು ಮಾರಿದರೆ ಅತಿಚಾರವಾಯಿತು.

ಇನ್ನು ಕೊಳ್ಳುವವನ ಮೌನ. ಬೆಲೆಯರಿಯದ ವೃದ್ಧೆಯೊಬ್ಬಳು ಗಂಡನ ಕಾಲದ ರೇಡಿಯೋವನ್ನು ಗುಜರಿಗೆ ಹಾಕಲು ಹೊರಟಿದ್ದಾಳೆ. ಬಲ್ಲವನೊಬ್ಬ ತೂಕದ ಬೆಲೆಗೇ ಒಯ್ಯುತ್ತಾನೆ. ಅವಳು ಮನಃಪೂರ್ವಕವಾಗಿ ಕೊಟ್ಟಳಲ್ಲ, ಇದು ಅದತ್ತಾದಾನ ಹೇಗೆ ಎಂದು ಅವನು ಕೇಳಬಹುದು. ಅವಳು ಕೊಟ್ಟದ್ದು ಮರವನ್ನು, ಕಬ್ಬಿಣವನ್ನು. ತನಗೆ ತಿಳಿಯದಿದ್ದ ಬೆಲೆಯನ್ನು ಅವಳು ಕೊಟ್ಟಳೆನ್ನುವುದು ಹೇಗೆ? ಅವನ ಅರಿವು ಶ್ರಮದಿಂದ ಬಂದುದು, ಅದಕ್ಕೆ ಲಾಭ ನ್ಯಾಯವೇ. ಆದರೆ ಇದ್ದುದನ್ನು ಹೇಳಿದ ಮೇಲೆ ಚೌಕಾಸಿ ಮಾಡಲಿ.

ಬಸದಿಗಳ ಟ್ರಸ್ಟುಗಳಿಗೂ ಇಂತಹ ಹಳೆಯ ವಸ್ತುಗಳು ದಾನವಾಗಿ ಬರುವುದುಂಟು. ಗುಜರಿಯ ತಕ್ಕಡಿಗೆ ಹಾಕುವ ಮುನ್ನ ಬಲ್ಲ ಇಬ್ಬರಿಗೆ ತೋರಿಸಿ, ಅವರು ಹೇಳಿದ ಬೆಲೆಯನ್ನು ದಫ್ತರದಲ್ಲಿ ಬರೆದಿಡುವುದು ಲೇಸು. ಟ್ರಸ್ಟಿಯೇ ಸಂಗ್ರಾಹಕನಾಗಿದ್ದರೆ ಆ ಇಬ್ಬರಲ್ಲಿ ಅವನಿರಕೂಡದು.