ಸಂಚಾರವೂ ಪ್ರಸಾದವಾಗಬಲ್ಲದು

ಮನುಷ್ಯನ ಬಾಳಿನಲ್ಲಿ ದುಡಿಮೆಗೆ ಎಷ್ಟು ಸ್ಥಾನವಿದೆಯೋ ವಿಶ್ರಾಂತಿಗೂ ಅಷ್ಟೇ ಸ್ಥಾನವಿದೆ. ಆದರೆ ದುಡಿಮೆಯ ಧರ್ಮವನ್ನು ಕುರಿತು ವಿಚಾರ ಮಾಡಿದಷ್ಟು ನಾವು ವಿಶ್ರಾಂತಿಯ ಧರ್ಮವನ್ನು ಕುರಿತು ವಿಚಾರ ಮಾಡಿಲ್ಲ. ಕಾಯಕವೆಂದರೇನು ಎಂದು ಕೇಳಿದರೆ ನಮ್ಮ ಚಿಕ್ಕ ಮಕ್ಕಳೂ ಉತ್ತರ ಹೇಳುತ್ತಾರೆ. ಬಿಡುವನ್ನು ಹೇಗೆ ಕಳೆಯಬೇಕು ಎಂದು ಕೇಳಿದರೆ ಹಿರಿಯರೂ ತಡವರಿಸುತ್ತಾರೆ.

ಬ್ಯಾಡಗಿಯಂಥ ಊರಿನಲ್ಲಿ ಈ ಪ್ರಶ್ನೆ ವರ್ಷಕ್ಕೊಮ್ಮೆ ತಾನಾಗಿಯೇ ತಲೆಯೆತ್ತುತ್ತದೆ. ಮೆಣಸಿನಕಾಯಿಯ ಸುಗ್ಗಿ ನಡೆದಿರುವಷ್ಟು ಕಾಲ ಅಲ್ಲಿ ಯಾರಿಗೂ ಪುರುಸೊತ್ತಿಲ್ಲ. 2011ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ಪಡೆದ ಆ ಕಾಯಿ ಬಣ್ಣದಲ್ಲಿ ಗಾಢ, ಖಾರದಲ್ಲಿ ಸೌಮ್ಯ ಎಂದು ಹೆಸರಾಗಿದೆ. ಆದರೆ ಅದನ್ನು ಬೆಳೆಯುವ ರೈತನಿಗೂ, ಚೀಲ ಹೊರುವ ಹಮಾಲನಿಗೂ, ತೊಟ್ಟು ಬಿಡಿಸುವ ತಾಯಂದಿರಿಗೂ, ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವವನಿಗೂ ಅದರ ಘಾಟು ಸೌಮ್ಯವಲ್ಲ. ಸುಗ್ಗಿ ಇಳಿದ ಮೇಲೆ, ನಾಲ್ಕು ದಿನ ಮೈಸೂರು ಬೆಂಗಳೂರು ನೋಡಿಕೊಂಡು, ಚಿಕ್ಕಮಗಳೂರಿನ ಗಿರಿಗಳನ್ನು ಹತ್ತಿಬರಬೇಕೆಂಬ ಆಸೆ ದಂಪತಿಗಳಲ್ಲಿ ಹುಟ್ಟುವುದು ಸಹಜವೇ ಆಗಿದೆ. ಅಂಥವರು ಮಠಕ್ಕೆ ಬಂದು ಕೇಳುವುದುಂಟು: “ಹೋಗೂದಾದ್ರ ಶ್ರೀಶೈಲಕ್ಕ ಹೋಗ್ರಿ, ಉಳವಿಗೆ ಹೋಗ್ರಿ, ಬರೇ ಊರು ನೋಡಾಕ, ಗುಡ್ಡ ಹತ್ತಾಕ ರೊಕ್ಕ ಯಾಕ ಕಳೀತೀರಿ ಅಂತಾರ್ರೀ ಮನ್ಯಾಗ. ನಾವು ಹೋಗೂದು ತಪ್ಪೇನ್ರಿ, ಅಜ್ಜಾರ?”

ಪ್ರಶ್ನೆ ಚಿಕ್ಕದಾಗಿ ಕಂಡರೂ ಅದರ ಬೇರು ಆಳವಾಗಿದೆ. ಇಷ್ಟಲಿಂಗವನ್ನು ಅಂಗದ ಮೇಲೆ ಧರಿಸಿದವನಿಗೆ ಪರಶಿವನು ದೂರದ ಊರೊಂದರಲ್ಲಿ ಕಾದು ಕುಳಿತವನಲ್ಲ. ಕರಸ್ಥಲದಲ್ಲಿ ನೆಲೆಗೊಂಡ ವಸ್ತುವನ್ನು ಹುಡುಕಲು ಯಾವ ಬಂಡಿಯನ್ನೂ ಏರಬೇಕಾಗಿಲ್ಲ. ಮಿಂದ ತೀರ್ಥಗಳ ಸಂಖ್ಯೆಯಿಂದ ಪುಣ್ಯವನ್ನೆಣಿಸುವ ರೂಢಿಯನ್ನು ಹನ್ನೆರಡನೆಯ ಶತಮಾನದ ಶರಣರು ಕಟುವಾಗಿ ವಿಮರ್ಶಿಸಿದರು. ಸ್ಥಾವರಕ್ಕಿಂತ ಜಂಗಮವೇ ಮೇಲೆಂಬ ಬಸವಣ್ಣನವರ ನಿಲುವು ಎಲ್ಲರೂ ಬಲ್ಲುದೇ. ಯುಗಾದಿಯ ಹೊತ್ತಿಗೆ ನಮ್ಮ ಉತ್ತರ ಕರ್ನಾಟಕದ ಭಕ್ತರು ನಲ್ಲಮಲದ ಕಾಡನ್ನು ಕಾಲ್ನಡಿಗೆಯಲ್ಲಿ ದಾಟಿ ಶ್ರೀಶೈಲವನ್ನು ಸೇರುವ ಪರಂಪರೆ ನಿಜವಾಗಿಯೂ ದೊಡ್ಡದು. ದಾರಿಯಲ್ಲಿ ದಣಿದವನ ಗಂಟನ್ನು ಇನ್ನೊಬ್ಬನು ಹೊರುವುದರಲ್ಲಿ, ಊರೂರಿನವರು ಅನ್ನ ನೀರು ಇಡುವುದರಲ್ಲಿ ಆ ದೊಡ್ಡತನವಿದೆ. ಅದೇ ಕ್ಷೇತ್ರಕ್ಕೆ ಮೋಟಾರಿನಲ್ಲಿ ಹೋಗಿ, ಕೋಣೆಯ ಸೌಕರ್ಯ ಸಾಲದೆಂದು ಜಗಳವಾಡಿ ಬರುವವರೂ ಇದ್ದಾರೆ. ಆದ್ದರಿಂದ ಹಿರಿಯರ ಆಕ್ಷೇಪ ಅರ್ಧ ಮಾತ್ರ ಸರಿ. ಹೋಗುವ ಸ್ಥಳಕ್ಕೆ ಕ್ಷೇತ್ರವೆಂಬ ಹೆಸರಿದ್ದ ಮಾತ್ರಕ್ಕೆ ಪ್ರಯಾಣ ಪವಿತ್ರವಾಗದು. ಆ ಹೆಸರಿಲ್ಲದ ಮಾತ್ರಕ್ಕೆ ಅಪವಿತ್ರವೂ ಆಗದು.

ಹಾಗಾದರೆ ಎಲ್ಲಿಗೆ ಹೇಗೆ ಹೋಗಿಬಂದರೂ ಸರಿಯೆಂದು ಅರ್ಥವೇ? ಅಲ್ಲ. ನಮ್ಮ ಧರ್ಮದಲ್ಲಿ ಪದಾರ್ಥ, ಪ್ರಸಾದ ಎಂಬ ಎರಡು ಶಬ್ದಗಳಿವೆ. ಅರ್ಪಿಸದೆ ಕೊಂಡುದು ಪದಾರ್ಥ. ಅರ್ಪಿಸಿ ಕೊಂಡರೆ ಅದೇ ಪ್ರಸಾದ. ಈ ಅರ್ಪಣೆ ತಟ್ಟೆಯಲ್ಲಿಯ ಅನ್ನಕ್ಕೆ ಮಾತ್ರ ಸಂಬಂಧಿಸಿದುದಲ್ಲ. ಕಣ್ಣಿಗೆ ಬರುವ ರೂಪ, ಕಿವಿಗೆ ಬರುವ ಶಬ್ದ, ಮೂಗಿಗೆ ಬರುವ ಗಂಧ ಎಲ್ಲವೂ ಲಿಂಗಾರ್ಪಿತವಾಗಬೇಕೆಂಬುದು ಸಿದ್ಧಾಂತ. ಹೀಗಿರುವಾಗ ಅರಮನೆಯ ಚೆಲುವೂ ಬೆಟ್ಟದ ಮಂಜೂ ರೂಪಪದಾರ್ಥಗಳೇ. ಅವನ್ನು ಭೋಗವಾಗಿ ಕೊಳ್ಳುತ್ತೇವೆಯೋ ಪ್ರಸಾದವಾಗಿ ಸ್ವೀಕರಿಸುತ್ತೇವೆಯೋ ಎಂಬುದೇ ಇಲ್ಲಿಯ ನಿಜವಾದ ಪ್ರಶ್ನೆ.

ಇದನ್ನು ತಿಳಿಯಲು ದಂಪತಿಗಳಿಗೆ ದಂಪತಿಗಳೇ ಗುರುಗಳಾಗಬಲ್ಲರು. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರು ಈಗಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣವೆಂಬ ಮಹಾನಗರಕ್ಕೆ ಬಂದವರು. ಮಹಾಮನೆಯ ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಲಕ್ಕಮ್ಮನವರು ಅಷ್ಟು ನಮಗೆ ಬೇಡವೆಂದು ಹೇಳಿ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಮಾಡಿದರು. ಅಕ್ಕಿ ಕದ್ದುದಾಗಿರಲಿಲ್ಲ, ಆದರೂ ಮಿತಿ ಮೀರಿದ್ದರಿಂದ ಅದು ಅವರಿಗೆ ಸಲ್ಲದಾಯಿತು.

ಇಂದಿನ ಪ್ರವಾಸಿಯೂ ಆಯುವವನೇ. ಮೂರು ದಿನಗಳಲ್ಲಿ ಇಪ್ಪತ್ತು ಸ್ಥಳಗಳನ್ನು ಆಯುತ್ತಾನೆ. ಒಂದೊಂದರ ಮುಂದೆಯೂ ಚರವಾಣಿಯನ್ನೆತ್ತಿ ಚಿತ್ರಗಳನ್ನು ಆಯುತ್ತಾನೆ. ಚೀಲ ತುಂಬುತ್ತದೆ, ಕಣ್ಣು ತುಂಬುವುದಿಲ್ಲ. ಇಂಥ ಹೊತ್ತಿನಲ್ಲಿ, ಇಷ್ಟು ಸಾಕು, ಈ ಒಂದನ್ನೇ ಕುಳಿತು ನೋಡೋಣ ಎಂದು ಇಬ್ಬರಲ್ಲಿ ಒಬ್ಬರು ಹೇಳಬಲ್ಲವರಾದರೆ, ಆ ಮನೆಯಲ್ಲಿ ಲಕ್ಕಮ್ಮನವರ ಅರಿವು ಉಳಿದಿದೆಯೆಂದು ತಿಳಿಯಬೇಕು. ಬೆಂಗಳೂರಿನ ಲಾಲಬಾಗಿನಲ್ಲಿ ಹೂವುಗಳ ನಡುವೆ ಹಾಯುವವರು ಅಲ್ಲಿಯ ಬೋಳು ಬಂಡೆಯನ್ನು ಕಾಲಲ್ಲಿ ತುಳಿದು ಮುಂದೆ ಸಾಗುತ್ತಾರೆ. ಆ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷಗಳೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಅರ್ಧ ಗಳಿಗೆ ಅದರ ಮೇಲೆ ಕುಳಿತು ತನ್ನ ಆಯುಷ್ಯವನ್ನೂ ಅದರ ಆಯುಷ್ಯವನ್ನೂ ತೂಗಿ ನೋಡಿದವನಿಗೆ ಅಹಂಕಾರ ಇಳಿಯಲು ಬೇರೆ ಉಪದೇಶ ಬೇಕಾಗದು.

ಎರಡನೆಯದು ಕಾಯಕದ ಅರಿವು. ನಾವು ವಿಶ್ರಾಂತಿಗೆಂದು ಹೋದ ಕಡೆಯಲ್ಲಿ ಇನ್ನೊಬ್ಬರು ದುಡಿಯುತ್ತಿರುತ್ತಾರೆ. ಅಂಬಿಗರ ಚೌಡಯ್ಯನವರು ಕಂಡವರನ್ನೆಲ್ಲ ದಡ ಮುಟ್ಟಿಸಿದ ಶರಣರು; ಅವರ ಹೆಸರನ್ನು ಹೊತ್ತ ಚೌಡಯ್ಯದಾನಪುರ ನಮ್ಮ ರಾಣೆಬೆನ್ನೂರಿನ ಸೀಮೆಯಲ್ಲಿಯೇ ತುಂಗಭದ್ರೆಯ ದಂಡೆಗಿದೆ. ಇಂದು ಬಸ್ಸು ನಡೆಸುವವನು, ವಸತಿಗೃಹದ ಹಾಸಿಗೆ ಮಡಚುವ ಹೆಣ್ಣುಮಗಳು, ಪ್ರವಾಸಿಗರು ಚೆಲ್ಲಿದ್ದನ್ನು ಗುಡಿಸುವವನು ಆ ಅಂಬಿಗರ ಸ್ಥಾನದಲ್ಲಿದ್ದಾರೆ. ಮೈಸೂರಿನ ಹಳೆಯ ಅರಮನೆ 1897ರಲ್ಲಿ ಬೆಂಕಿಗೆ ತುತ್ತಾದ ಮೇಲೆ ಕಟ್ಟಿದ ಈಗಿನ ಅರಮನೆ 1912ರಲ್ಲಿ ಪೂರ್ಣವಾಯಿತು. ಅದರ ದೀಪಗಳನ್ನು ಕಂಡು ಬೆರಗಾಗುವಾಗ ಅದರ ಕಲ್ಲು ಕಡೆದವರನ್ನೂ ನೆನೆದರೆ ನೋಟ ಅರ್ಪಿತವಾಗುತ್ತದೆ. ಇದಕ್ಕೂ ಮೊದಲು ಊರಿನ ಲೆಕ್ಕ ನೇರವಾಗಿರಬೇಕು. ಸುಗ್ಗಿಯಲ್ಲಿ ತೊಟ್ಟು ಬಿಡಿಸಿದವರ ಕೂಲಿಯನ್ನು ಬಾಕಿಯಿಟ್ಟು ಹೊರಟ ಪ್ರಯಾಣ, ಶ್ರೀಶೈಲಕ್ಕೇ ಆಗಲಿ ಮೈಸೂರಿಗೇ ಆಗಲಿ, ಪರರ ಅನ್ನದ ಮೇಲೆ ಮಾಡಿದ ಪ್ರಯಾಣ.

ಮೂರನೆಯದು ಜೊತೆಗಾರರ ಅರಿವು. ಮನೆಯಲ್ಲಿ ಗಂಡನಿಗೆ ಅಂಗಡಿ, ಹೆಂಡತಿಗೆ ಒಲೆ. ವರ್ಷವಿಡೀ ಒಂದೇ ಸೂರಿನ ಕೆಳಗಿದ್ದರೂ ಇಬ್ಬರ ಮಾತು ಹಾಲು, ಬಾಡಿಗೆ, ಮಕ್ಕಳ ಫೀ ಇವುಗಳಾಚೆ ಹೋಗುವುದಿಲ್ಲ. ಅದರಲ್ಲಿಯೂ ನಮ್ಮ ಹೆಣ್ಣುಮಕ್ಕಳಿಗೆ ತವರೂರು ಮತ್ತು ಜಾತ್ರೆಗಳಾಚೆಗಿನ ಲೋಕವನ್ನು ಕಾಣುವ ಅವಕಾಶವೇ ಕಡಿಮೆಯಿತ್ತು. 2023ರ ಜೂನ್ 11ರಂದು ರಾಜ್ಯದ ಸಾರಿಗೆ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ದೊರೆತಾಗ, ಅವರು ಗುಂಪುಗುಂಪಾಗಿ ಹೊರಟುದನ್ನು ಕಂಡು ನಕ್ಕವರಿದ್ದರು. ಅಷ್ಟು ವರ್ಷ ಅದುಮಿಟ್ಟ ಆಸೆಯನ್ನು ನೆನೆದು ಮರುಗಬೇಕಾದ ಸಂಗತಿ ಅದು.

ಬೆಟ್ಟದ ದಾರಿ ಈ ಅರಿವಿಗೆ ಒಳ್ಳೆಯ ಪಾಠಶಾಲೆ. ಅಲ್ಲಿ ಬಲವುಳ್ಳವನು ಮುಂದೆ ಹೋಗಿ ನಿಲ್ಲಬೇಕು, ದಣಿದವಳ ಉಸಿರಿಗೆ ತನ್ನ ಹೆಜ್ಜೆಯನ್ನು ಹೊಂದಿಸಬೇಕು. ಕೆಲವೊಮ್ಮೆ ಹೆಂಡತಿಯೇ ಮುಂದೆ, ಗಂಡನೇ ಹಿಂದೆ. ಮನೆಯ ಯಜಮಾನಿಕೆ ಅಲ್ಲಿ ನಡೆಯದು. 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಕರ್ನಾಟಕದ ಅತ್ಯುನ್ನತ ಶಿಖರ; ಅದರ ನೆತ್ತಿಯಲ್ಲಿರುವುದು ತಪಸ್ವಿಯೊಬ್ಬರ ಗದ್ದುಗೆ. ಶಿಖರವನ್ನು ನೋಡಲು ಹೋದವನೂ ಕೊನೆಗೆ ಗದ್ದುಗೆಯ ಮುಂದೆಯೇ ನಿಲ್ಲುತ್ತಾನೆ.

ಇಟಲಿಯ ಕವಿ ಪೆಟ್ರಾರ್ಕನು 1336ರಲ್ಲಿ ತಮ್ಮನೊಡನೆ ವೆಂಟೂ ಪರ್ವತವನ್ನು ಹತ್ತಿದನು. ತುದಿಯಲ್ಲಿ ನಿಂತು ಸುತ್ತಣ ದೃಶ್ಯವನ್ನು ಸವಿದು, ಜೊತೆಗೆ ಒಯ್ದಿದ್ದ ಸಂತ ಅಗಸ್ಟೀನನ ಗ್ರಂಥವನ್ನು ತೆರೆದಾಗ, ಹೊರಗಿನ ಬೆಟ್ಟವನ್ನು ಮೆಚ್ಚಿ ಒಳಗಿನ ಆತ್ಮವನ್ನು ಮರೆತೆನಲ್ಲಾ ಎಂದು ನಾಚಿ, ಮೌನವಾಗಿ ಇಳಿದನೆಂದು ಅವನೇ ಬರೆದಿದ್ದಾನೆ. ಆ ನಾಚಿಕೆ ಗೌರವಕ್ಕೆ ಅರ್ಹವಾದುದು. ಆದರೆ ಅಂಗ ಲಿಂಗಗಳ ಸಾಮರಸ್ಯವನ್ನು ನಂಬಿದ ನಮಗೆ ಬೆಟ್ಟವೂ ಆತ್ಮವೂ ಪರಸ್ಪರ ವೈರಿಗಳಲ್ಲ. ದೋಷವಿರುವುದು ಮರೆಯುವುದರಲ್ಲಿ, ನೋಡುವುದರಲ್ಲಿ ಅಲ್ಲ.

ಮರೆತು ನೋಡಿದರೆ ಬೆಟ್ಟವೂ ಉಳಿಯದು. 2024ರ ಜನವರಿಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಚಾರಣಿಗರು ಸಂತೆಯಂತೆ ಕಿಕ್ಕಿರಿದರು. ಆ ಬಳಿಕ ಅರಣ್ಯ ಇಲಾಖೆ ಚಾರಣವನ್ನು ತಡೆದು, ಮುಂಗಡ ನೋಂದಣಿಯ ಕಟ್ಟುಪಾಡನ್ನು ತರಬೇಕಾಯಿತು. ಏಕಾಂತಕ್ಕೆಂದು ಹೋದವರೇ ಏಕಾಂತವನ್ನು ಕೊಂದರು. ಹೊತ್ತೊಯ್ದ ಬಾಟಲಿಯನ್ನು ಹೊತ್ತು ತರುವುದು ಸಣ್ಣ ಕೆಲಸವೆಂದು ಯಾರೂ ತಿಳಿಯಬಾರದು. ಹೆಚ್ಚಾದ ಅಕ್ಕಿಯನ್ನು ಮರಳಿಸಿದ ಮನಸ್ಸೇ ಅದರ ಹಿಂದೆಯೂ ಇದೆ.

ಇನ್ನು ದೂರ ಹೋಗಲು ಹಣವಿಲ್ಲದವರು ಕೊರಗಬೇಕಾಗಿಲ್ಲ. ವರದೆಯು ತುಂಗಭದ್ರೆಯನ್ನು ಕೂಡುವ ಗಳಗನಾಥ, ಚೌಡಯ್ಯದಾನಪುರದ ಮುಕ್ತೇಶ್ವರ, ಹಾವೇರಿಯ ಸಿದ್ಧೇಶ್ವರ, ಬ್ಯಾಡಗಿಯ ಮಗ್ಗುಲಲ್ಲೇ ಇರುವ ಕನಕದಾಸರ ಕಾಗಿನೆಲೆ ಇವೆಲ್ಲ ಒಂದು ದಿನದ ದಾರಿ. ಮೈಸೂರನ್ನು ಮೂರು ಸಲ ಕಂಡು ಗಳಗನಾಥವನ್ನು ಒಮ್ಮೆಯೂ ಕಾಣದವರು ನಮ್ಮಲ್ಲಿ ಅನೇಕರಿದ್ದಾರೆ. ಇಂಥ ಹತ್ತಿರದ ಸಂಚಾರಕ್ಕೆ ಮನೆಯ ವೃದ್ಧ ತಂದೆತಾಯಿಗಳನ್ನೂ ಕರೆದೊಯ್ಯಬಹುದು. ಅವರ ಆಕ್ಷೇಪದ ಹಿಂದೆ ಎಷ್ಟೋ ಸಲ ತಾವು ಮನೆಯಲ್ಲಿಯೇ ಉಳಿದೆವೆಂಬ ನೋವು ಅಡಗಿರುತ್ತದೆ.

ಹೋಗುವ ಮುನ್ನ ಕೂಲಿಯ ಬಾಕಿ ತೀರಲಿ, ಹಿರಿಯರ ವ್ಯವಸ್ಥೆಯಾಗಲಿ, ದಾಸೋಹಕ್ಕೆ ಎತ್ತಿಟ್ಟದ್ದು ಹಾಗೆಯೇ ಇರಲಿ. ಹೋದಲ್ಲಿ ಪ್ರಾತಃಕಾಲದ ಲಿಂಗಪೂಜೆ ತಪ್ಪದಿರಲಿ. ಅದಕ್ಕೆ ವಸತಿಗೃಹದ ಕೋಣೆಯೂ ಸಾಕು, ಬೆಟ್ಟದ ಬಂಡೆಯೂ ಸಾಕು. ಕಂಡದ್ದರಲ್ಲಿ ಒಂದನ್ನಾದರೂ ಮನಸ್ಸಿನಲ್ಲಿ ತುಂಬಿಕೊಂಡು ಮರಳಿ, ಮರುದಿನ ಕಾಯಕಕ್ಕೆ ಹೊಸ ಉತ್ಸಾಹದಿಂದ ಕುಳಿತರೆ, ಆ ನಾಲ್ಕು ದಿನಗಳು ವ್ಯರ್ಥವಾಗಲಿಲ್ಲವೆಂದು ತಿಳಿಯಬೇಕು.