ಯಂತ್ರಕ್ಕೂ ಸತ್ಯ ಹೇಳಬೇಕೆ?

ಕಳೆದ ಮಳೆಗಾಲದ ಒಂದು ಆದಿತ್ಯವಾರ ಡೊಂಬಿವಲಿ ಪೂರ್ವದಲ್ಲಿರುವ ಸ್ನೇಹಿತರೊಬ್ಬರ ಮನೆಗೆ ಹೋಗಿದ್ದೆವು. ಕುಂದಾಪುರದ ಕಡೆಯವರು, ದಿನವೂ ಠಾಣೆಯಲ್ಲಿ ಗಾಡಿ ಬದಲಿಸಿ ಐರೋಳಿಯ ಕಚೇರಿಗೆ ಹೋಗಿಬರುವವರು. ಬಾಗಿಲು ತೆರೆದದ್ದು ಅವರ ತಾಯಿ. ಒಳಗೆ ಕಾಲಿಟ್ಟರೆ, ಕಾಲೇಜಿಗೆ ಹೋಗುವ ಮೊಮ್ಮಗ ಮುಖಕ್ಕೆ ಕಪ್ಪು ಡಬ್ಬಿಯೊಂದನ್ನು ಬಿಗಿದುಕೊಂಡು, ಕುರ್ಚಿಯಲ್ಲಿ ಕುಳಿತಲ್ಲೇ ಕತ್ತನ್ನು ಎಡಕ್ಕೂ ಬಲಕ್ಕೂ ತಿರುಗಿಸುತ್ತಿದ್ದ. "ಬೆಳಗಿನಿಂದ ಹೀಗೇ. ನಡುವೆ ಎರಡು ಸಲ ವಾಂತಿ ಬಂದ ಹಾಗಾಯಿತಂತೆ, ಆದರೂ ಬಿಡುವುದಿಲ್ಲ" ಎಂದು ಅಜ್ಜಿ ದೂರು ಹೇಳಿದರು.

ಅದು ವರ್ಚುವಲ್ ರಿಯಾಲಿಟಿ ಹೆಡ್‌ಸೆಟ್. ಎರಡು ಕಣ್ಣಿಗೆ ಎರಡು ಬೇರೆ ಚಿತ್ರ ತೋರಿಸಿ ಆಳದ ಭ್ರಮೆ ಹುಟ್ಟಿಸುವ ಉಪಾಯ ಹೊಸದೇನಲ್ಲ. ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲೇ ಅದನ್ನು ವಿವರಿಸಿದ್ದ. ತಲೆ ತಿರುಗಿದಂತೆ ನೋಟವೂ ತಿರುಗುವ ಯಂತ್ರವನ್ನು ಐವನ್ ಸದರ್‌ಲ್ಯಾಂಡ್ 1968ರಲ್ಲಿ ಕಟ್ಟಿ ತೋರಿಸಿದ. ಮನೆಮನೆಯ ಹುಡುಗರ ಕಣ್ಣು ಇದರ ಮೇಲೆ ಬಿದ್ದದ್ದು ಮಾತ್ರ 2012ರಲ್ಲಿ ಆಕ್ಯುಲಸ್ ರಿಫ್ಟ್ ಸುದ್ದಿಯಾದ ಮೇಲೆ. ಆದರೆ ಹೆಡ್‌ಸೆಟ್ಟಿಗೆಂದೇ ಮಾಡಿದ ಆಟಗಳು ಕಡಿಮೆ. ಚಪ್ಪಟೆ ಪರದೆಗೆಂದು ಮಾಡಿದ ಆಟಗಳು ಸಾವಿರಾರು. ಈ ಹಳೆಯ ಆಟಗಳನ್ನೇ ಹೆಡ್‌ಸೆಟ್ಟಿನೊಳಗೆ ಆಡಿಸುವ ಮಧ್ಯವರ್ತಿ ತಂತ್ರಾಂಶಗಳು ಹುಟ್ಟಿದ್ದು ಹೀಗೆ. 2013ರಲ್ಲಿ ಬಂದ ವೋರ್ಪೆಕ್ಸ್ ಅವುಗಳಲ್ಲಿ ಹೆಸರಾದದ್ದು; ಅನ್‌ರಿಯಲ್ ಎಂಜಿನ್ನಿನ ಆಟಗಳಿಗೆಂದು ಯುಇವಿಆರ್ ಎಂಬುದು ಅನಂತರ ಬಂತು.

ಇವು ಮಾಡುವ ಕೆಲಸವನ್ನು ಹುಡುಗನೇ ನಮಗೆ ಬಿಡಿಸಿ ಹೇಳಿದ. ಆಟ ಓಡುತ್ತಿರುವಾಗ ಈ ತಂತ್ರಾಂಶ ಅದರ ಒಳಗೆ ನುಸುಳುತ್ತದೆ. ಒಂದೇ ಕಣ್ಣಿಗೆಂದು ಬರೆಯುತ್ತಿದ್ದ ಚಿತ್ರವನ್ನು ತಡೆದು ಎರಡು ಕಣ್ಣಿಗೆ ಎರಡು ಸಲ ಬರೆಸುತ್ತದೆ. ಇಲ್ಲವೇ ಯಾವ ವಸ್ತು ಎಷ್ಟು ದೂರ ಎಂಬ ಲೆಕ್ಕವನ್ನು ಆಟದಿಂದಲೇ ಕದ್ದು ಎರಡನೆಯ ಚಿತ್ರವನ್ನು ಊಹಿಸಿ ತಯಾರಿಸುತ್ತದೆ. ಮೊದಲನೆಯದು ಸಾಚಾ, ಆದರೆ ಯಂತ್ರಕ್ಕೆ ಭಾರ. ಎರಡನೆಯದು ಹಗುರ, ಆದರೆ ವಸ್ತುಗಳ ಅಂಚಿನಲ್ಲಿ ಹುಸಿ ಕಾಣುತ್ತದೆ. ಆಟಗಾರ ತಲೆ ತಿರುಗಿಸಿದರೆ ಆಟಕ್ಕೆ "ಮೌಸ್ ಸರಿಯಿತು" ಎಂದು ಹೇಳುತ್ತದೆ.

ಇಷ್ಟಾದರೂ ಒಂದು ಸಲಕ್ಕೆ ಸರಿಹೋಗುವುದಿಲ್ಲ. ಎರಡು ಕಣ್ಣುಗಳ ಅಂತರ ಹೆಚ್ಚಾಗಿ ಇಟ್ಟರೆ ಊರಿಗೆ ಊರೇ ಗೊಂಬೆಮನೆಯಷ್ಟಾಗುತ್ತದೆ. ನೀರಿನ ಮೇಲಿನ ಪ್ರತಿಬಿಂಬ ಒಂದು ಕಣ್ಣಿಗೆ ಕಂಡು ಇನ್ನೊಂದಕ್ಕೆ ಕಾಣದೆ ಮಿಣುಗುತ್ತದೆ. ನೋಟದ ಅಗಲ ಆಟದಲ್ಲೊಂದು, ಹೆಡ್‌ಸೆಟ್ಟಿನಲ್ಲೊಂದು ಆದರೆ, ಕತ್ತು ತಿರುಗಿಸಿದಾಗ ಗೋಡೆಗಳು ಜೊತೆಗೆ ಈಜುತ್ತವೆ. ಕಣ್ಣು "ನಡೆಯುತ್ತಿದ್ದೇನೆ" ಎನ್ನುತ್ತದೆ, ಒಳಗಿವಿ "ಇಲ್ಲ, ಕುಳಿತಿದ್ದೇನೆ" ಎನ್ನುತ್ತದೆ. ಇಬ್ಬರು ಸಾಕ್ಷಿಗಳ ಜಗಳದಲ್ಲಿ ಹೊಟ್ಟೆ ತೊಳಸುತ್ತದೆ. ಹುಡುಗ ಒಂದು ನೋಟ್‌ಬುಕ್ ಇಟ್ಟಿದ್ದ. ಒಂದು ಸಲಕ್ಕೆ ಒಂದೇ ಬದಲಾವಣೆ, ಫಲವೇನು, ಮತ್ತೆ ಮೊದಲಿನ ಸ್ಥಿತಿಗೆ, ಆಮೇಲೆ ಇನ್ನೊಂದು. ಪುಟಗಟ್ಟಲೆ ಬರೆದಿದ್ದ. ಬಿ.ಎಸ್‌ಸಿ. ಪ್ರಯೋಗಶಾಲೆಯಲ್ಲಿ ನಾವು ಇಷ್ಟು ಶ್ರದ್ಧೆ ತೋರಿಸಿದ್ದಿಲ್ಲವೆಂದು ಒಪ್ಪಿಕೊಳ್ಳುತ್ತೇವೆ.

ಸ್ನೇಹಿತರು ನಮ್ಮನ್ನು ಕರೆಸಿದ್ದು ಇದನ್ನು ತೋರಿಸುವುದಕ್ಕಲ್ಲ. ಕಲ್ಯಾಣದ ಇಬ್ಬರು, ಠಾಣೆಯ ಒಬ್ಬ ಗೆಳೆಯರೊಡನೆ ಹುಡುಗ ನಾಲ್ಕು ವರ್ಷದಿಂದ ಒಂದು ಆನ್‌ಲೈನ್ ಆಟ ಆಡುತ್ತಿದ್ದ. ಇಂಥ ಆಟಗಳಿಗೆ ಕಾವಲು ತಂತ್ರಾಂಶವಿರುತ್ತದೆ. ಹೊರಗಿನದೇನಾದರೂ ಆಟದೊಳಗೆ ನುಸುಳಿದರೆ ಹಿಡಿಯುತ್ತದೆ. ಗೋಡೆಯಾಚೆಯ ಎದುರಾಳಿಯನ್ನು ಕಾಣುವ ಕಳ್ಳ ಉಪಾಯ ಮಾಡುವವರೂ ನುಸುಳುವುದು ಇದೇ ದಾರಿಯಲ್ಲಿ. ಆದ್ದರಿಂದಲೇ ಕಾವಲಿರುವ ಆಟಗಳಲ್ಲಿ ಬಳಸಬೇಡಿರೆಂದು ಇಂಥ ಮಧ್ಯವರ್ತಿ ತಂತ್ರಾಂಶ ಮಾಡುವವರೇ ಎಚ್ಚರಿಸುವುದುಂಟು. ಹುಡುಗ ಅದನ್ನು ಓದಿದ್ದ. ಓದಿಯೂ "ಒಂದೇ ಸಲ ನೋಡೋಣ" ಎಂದು ಒಂದು ರಾತ್ರಿ ಹೆಡ್‌ಸೆಟ್ ಹಾಕಿಕೊಂಡು ಆ ಆಟಕ್ಕೆ ಇಳಿದ. ಚಿತ್ರ ತಡವರಿಸಿ ಒಂದು ಗಂಟೆಯಲ್ಲಿ ಹನ್ನೊಂದು ಸಲ ಸತ್ತನಂತೆ. ಮರುದಿನ ಅವನ ಖಾತೆ ಬಂದ್. ಕಾರಣ: ಮೋಸ.

ಮರುಪರಿಶೀಲನೆಗೆ ಒಂದು ಅರ್ಜಿಯಿತ್ತು. ಅದರಲ್ಲೊಂದು ಪ್ರಶ್ನೆ: ಹೊರಗಿನ ಯಾವುದಾದರೂ ತಂತ್ರಾಂಶ ಬಳಸಿದ್ದೀರಾ? "ಇಲ್ಲ ಅಂತ ಬರಿ, ಇಲ್ಲವೇ ತಮ್ಮ ಏನೋ ಮಾಡಿದ ಅಂತ ಬರಿ" ಎಂಬುದು ಗೆಳೆಯರ ಸಲಹೆ. ಹುಡುಗನಿಗೆ ತಮ್ಮನೇ ಇಲ್ಲ.

"ಅಪ್ಪಾ, ಅರ್ಜಿ ಓದುವುದೂ ಯಂತ್ರವೇ. ಯಂತ್ರಕ್ಕೆ ಸುಳ್ಳು ಹೇಳಿದರೆ ಯಾರಿಗೆ ಮೋಸ? ಆ ಸಾಫ್ಟ್‌ವೇರಿನ ಕೆಲಸವೇ ಸುಳ್ಳು ಹೇಳುವುದು. ನನ್ನ ತಲೆಯನ್ನು ಮೌಸ್ ಅಂತ ಹೇಳುತ್ತದೆ. ಅದಕ್ಕಿಲ್ಲದ ಪಾಪ ನನಗೆ ಯಾಕೆ?"

ಸ್ನೇಹಿತರು ನಮ್ಮ ಮುಖ ನೋಡಿದರು. ನಮಗೆ ತಟ್ಟನೆ ಉತ್ತರ ಹೊಳೆಯಲಿಲ್ಲವೆಂದು ಹೇಳಿಬಿಡುವುದೇ ಒಳ್ಳೆಯದು.

ಮನೆಗೆ ಮರಳುವ ದಾರಿಯಲ್ಲಿ ಯೋಚಿಸಿದೆವು. ಯಕ್ಷಗಾನದಲ್ಲಿ ಗಂಡಸು ದಮಯಂತಿಯಾಗಿ ಬರುತ್ತಾನೆ, ಅದನ್ನು ಸುಳ್ಳೆನ್ನುವವರಿಲ್ಲ. ವೇಷವೆಂದು ಕಟ್ಟಿದವನಿಗೂ ಗೊತ್ತು, ಕಂಡವನಿಗೂ ಗೊತ್ತು. ತಲೆಯನ್ನು ಮೌಸ್ ಎನ್ನುವುದು ಆ ಜಾತಿಯದು. ಒಬ್ಬನೇ ಕುಳಿತು ಆಡುವಾಗ ಅಲ್ಲಿ ವಂಚನೆಗೊಳಗಾಗುವವರು ಯಾರೂ ಇಲ್ಲ. ಆಟಗಾರ ತನ್ನ ಕಣ್ಣನ್ನೇ, ತಾನೇ ಒಪ್ಪಿ, ಮರುಳುಮಾಡಿಕೊಳ್ಳುತ್ತಾನೆ. ಅದೇ ವೇಷ ತೊಟ್ಟು ಚೌಕಿಯಿಂದ ಎದ್ದು ಪಕ್ಕದ ಮನೆಯ ಮದುವೆಗೆ ಹೆಣ್ಣಾಗಿ ಹೋಗಿ ಕುಳಿತರೆ ಮಾತು ಬೇರೆ. ಅರ್ಜಿಯಲ್ಲಿ ಬರೆಯುವ "ಇಲ್ಲ" ಈ ಎರಡನೆಯ ಜಾತಿಯದು. ಅದನ್ನು ಓದುವುದು ಯಂತ್ರವೇ ಇರಬಹುದು. ಆದರೆ ಆ ಯಂತ್ರವನ್ನು ಅಲ್ಲಿ ಕೂರಿಸಿದ್ದು ಹುಡುಗನ ಎದುರು ಆಡುವ ನೂರಾರು ಬೇರೆ ಹುಡುಗರ ನಂಬಿಕೆಗಾಗಿ.

ಕಾವಲುಗಾರನ ಮೇಲೆ ನಮಗೆ ಸಿಟ್ಟಿಲ್ಲ. ನಮ್ಮ ಸೊಸೈಟಿಯ ವಾಚ್‌ಮನ್ ರಾತ್ರಿ ಹನ್ನೆರಡಕ್ಕೆ ಕಾಂಪೌಂಡ್ ಗೋಡೆ ಹತ್ತುವವನನ್ನು ಹಿಡಿಯುತ್ತಾನೆ, ಹಿಡಿಯಲೇಬೇಕು. ಹತ್ತಿದವನು ಕಳ್ಳನೋ, ಕೀಲಿ ಮರೆತ ಮೂರನೆಯ ಮಹಡಿಯ ಬಾಡಿಗೆದಾರನೋ, ಗೋಡೆಗೆ ಗೊತ್ತಾಗುವುದಿಲ್ಲ. ವ್ಯತ್ಯಾಸವೆಂದರೆ ವಾಚ್‌ಮನ್ ಟಾರ್ಚ್ ಹಾಕಿ ಮುಖ ನೋಡುತ್ತಾನೆ, "ಕೌನ್ ಹೈ?" ಎಂದು ಕೇಳುತ್ತಾನೆ, ಬೈದು ಒಳಗೆ ಬಿಡುತ್ತಾನೆ. ಕೃತ್ಯ ಒಂದೇ ಆದರೂ ಭಾವ ಬೇರೆ ಎಂಬ ತಿಳುವಳಿಕೆಗೆ ಒಂದು ಮುಖ ಬೇಕು. ಮುಖ ನೋಡುವವರಿಲ್ಲದ ನ್ಯಾಯದಲ್ಲಿ ಸತ್ಯ ಹೇಳುವವನಿಗೇ ನಷ್ಟ. ಹುಡುಗನ ಅಳಲಿನಲ್ಲಿ ಹುರುಳಿರುವುದು ಇಲ್ಲೇ, ಅದನ್ನು ಅಲ್ಲಗಳೆಯಲು ನಮ್ಮಿಂದಾಗದು.

ಗೋವಿನ ಹಾಡಿನ ಪುಣ್ಯಕೋಟಿ ಮಾತು ಕೊಟ್ಟದ್ದು ಹುಲಿಗೆ. ಹುಲಿಗೆ ಕೊಟ್ಟ ಮಾತಿಗೆ ಬೆಲೆಯಿಲ್ಲವೆಂದು ಜೊತೆಯ ಹಸುಗಳು ಹೇಳಿದ್ದರೆ ತಪ್ಪೆನ್ನಬಹುದಿತ್ತೆ? ಶಾಲೆಯಲ್ಲಿ ಆ ಹಾಡು ಕಲಿತಾಗ ಹುಲಿಯ ಮನಸ್ಸು ಕರಗಿದ್ದೇ ನಮಗೆ ಮುಖ್ಯವಾಗಿ ಕಂಡಿತ್ತು. ಈಗ ನೋಡಿದರೆ, ಹಸು ಹಿಂತಿರುಗಿ ಹೊರಟಾಗ ಹುಲಿ ಕರಗುವುದೆಂದು ಅದಕ್ಕೆ ಗೊತ್ತಿರಲಿಲ್ಲ. ಕರಗದ ಹುಲಿಯ ಲೆಕ್ಕ ಹಾಕಿಯೇ ಅದು ಹೊರಟಿತ್ತು.

ಇದನ್ನೇ ಮರುದಿನ ಫೋನಿನಲ್ಲಿ ಹುಡುಗನಿಗೆ ಹೇಳಿದೆವು. ಹುಲಿ ಕರಗುತ್ತದೆಂದು ಮಾತ್ರ ಹೇಳಲಿಲ್ಲ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂಕಲ್, ನೀವು ಆಡುವವರಲ್ಲ, ಅದಕ್ಕೇ ಸುಲಭವಾಗಿ ಹೇಳುತ್ತೀರಿ" ಎಂದ. ಮಾತು ನಿಜ. ನಾಲ್ಕು ವರ್ಷದ ಅವನ ಸಂಜೆಗಳು ಆ ಖಾತೆಯಲ್ಲಿದ್ದವು, ನಮ್ಮವಲ್ಲ. ಬೇರೆ ಬೇರೆ ಸ್ಟೇಷನ್ನುಗಳಲ್ಲಿ ಇಳಿದು ಮನೆ ಸೇರುವ ಹುಡುಗರಿಗೆ ಒಟ್ಟಾಗಿ ಕುಳಿತುಕೊಳ್ಳುವ ಜಗಲಿಯೆಂದರೆ ಅದೊಂದೇ.

ಆದರೂ ಅವನು "ಹೌದು" ಎಂದೇ ಬರೆದ. ಯಾವ ತಂತ್ರಾಂಶ, ಯಾವ ರಾತ್ರಿ, ಯಾಕೆ, ಎಚ್ಚರಿಕೆ ಓದಿಯೂ ಯಾಕೆ ಬಳಸಿದೆ ಎಂದು ಒಂದು ಪುಟ ಬರೆದು ಕಳುಹಿಸಿದ. ಮೂರನೆಯ ದಿನ ಎರಡು ಸಾಲಿನ ಉತ್ತರ ಬಂತು: ಪರಿಶೀಲಿಸಲಾಗಿದೆ, ನಿರ್ಧಾರ ಬದಲಾಗುವುದಿಲ್ಲ. ಕೆಳಗೆ ಯಾರ ಹೆಸರೂ ಇರಲಿಲ್ಲ.

ಬೇರೆ ಹೆಸರಿನಲ್ಲಿ ಹೊಸ ಖಾತೆ ತೆರೆಯುವುದು ಐದು ನಿಮಿಷದ ಕೆಲಸವಂತೆ. ದೀಪಾವಳಿಗೆ ಹೋದಾಗ ಕೇಳಿದೆವು, ಅವನು ತೆರೆದಿರಲಿಲ್ಲ. ಒಬ್ಬನೇ ಆಡುವ ಹಳೆಯ ಆಟವೊಂದನ್ನು ಹೆಡ್‌ಸೆಟ್ಟಿಗೆ ಹೊಂದಿಸುವುದರಲ್ಲಿ ಮುಳುಗಿದ್ದ. ನೆರಳುಗಳು ಒಂದೇ ಕಣ್ಣಿಗೆ ಬೀಳುತ್ತಿದ್ದುವು, ಅದಕ್ಕೆ ಪರಿಹಾರ ಹುಡುಕುತ್ತಿದ್ದ. ಕಲ್ಯಾಣದ ಹುಡುಗರಲ್ಲೊಬ್ಬ ಅಂದು ಲೋಕಲ್ ಹಿಡಿದು ಅವನ ಮನೆಗೇ ಬಂದು ಪಕ್ಕದಲ್ಲಿ ಕುಳಿತು ನೋಟ್‌ಬುಕ್ಕಿನಲ್ಲಿ ಅಂಕಿ ಬರೆದುಕೊಳ್ಳುತ್ತಿದ್ದ. ಅಜ್ಜಿ ಇಬ್ಬರಿಗೂ ಚಕ್ಕುಲಿ ತಂದಿಟ್ಟು, "ಅದನ್ನು ತೆಗೆದು ತಿನ್ನಿ, ಮತ್ತೆ ಹೊಟ್ಟೆ ತೊಳಸೀತು" ಎಂದರು.