ತೇರಿಗೆ ಲಗಾಮಿಲ್ಲ

ಮೈಯೇ ರಥ, ಒಳಗೆ ಕೂತ ಯಜಮಾನ ಆತ್ಮ, ಬುದ್ಧಿ ಸಾರಥಿ, ಮನಸ್ಸು ಲಗಾಮು, ಇಂದ್ರಿಯಗಳು ಕುದುರೆ, ವಿಷಯಗಳೇ ಅವು ಓಡುವ ದಾರಿ. ಕಠೋಪನಿಷತ್ತಿನಲ್ಲಿ ಯಮ ನಚಿಕೇತನಿಗೆ ಹೇಳಿದ ಈ ಮಾತು ಪ್ರವಚನ ಕೇಳಿದವರಿಗೆಲ್ಲ ಬಾಯಿಪಾಠ. ಸಾರಥಿ ಗಟ್ಟಿಗನಾದರೆ ಪರಮಪದ, ಇಲ್ಲವಾದರೆ ಮತ್ತೆ ಸಂಸಾರ.

ಆದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಕುದುರೆ ಹೂಡಿದ ರಥ ಎಲ್ಲಿ ಓಡಬೇಕು? ಘಟ್ಟದ ದಾರಿಯಲ್ಲಿ ಅಕ್ಕಿ, ಮೆಣಸು ಇಳಿದದ್ದೂ ಉಪ್ಪು ಏರಿದ್ದೂ ಹೇರೆತ್ತಿನ ಬೆನ್ನ ಮೇಲೆ. ಇಲ್ಲಿಯವರು ಕಂಡ ರಥ ತೇರು. ತೀರ್ಥಹಳ್ಳಿಯ ರಾಮೇಶ್ವರನಿಗೆ ಎಳ್ಳಮಾವಾಸ್ಯೆಯ ಜಾತ್ರೆಯಲ್ಲಿ, ಹುಂಚದ ಪದ್ಮಾವತಿಗೆ ವರ್ಷಕ್ಕೊಮ್ಮೆ.

ಈ ತೇರಿಗೆ ಕುದುರೆಯೂ ಇಲ್ಲ, ಲಗಾಮೂ ಇಲ್ಲ. ಹಗ್ಗ ಹಿಡಿದು ಎಳೆಯುವ ಜನರೇ ಕುದುರೆಗಳು. ಉತ್ಸಾಹ ಬಂದರೆ ಅವರನ್ನು ನಿಲ್ಲಿಸುವುದು ದೇವರಿಗೂ ಕಷ್ಟ. ಹಾಗಾದರೆ ಸಾರಥಿ ಯಾರು? ಗಾಲಿಯ ಬುಡದಲ್ಲಿ ಬಗ್ಗಿ, ಮರದ ತುಂಡು ಹಿಡಿದು ಜೊತೆಗೇ ಸರಿಯುವವನು. ಎಡಗಾಲಿಗೆ ತುಂಡು ಕೊಟ್ಟರೆ ತೇರು ಎಡಕ್ಕೆ ಹೊರಳುತ್ತದೆ, ಎರಡಕ್ಕೂ ಕೊಟ್ಟರೆ ನಿಲ್ಲುತ್ತದೆ. ಅವನು ಎಳೆಯುವುದಿಲ್ಲ, ತಡೆಯುತ್ತಾನೆ ಅಷ್ಟೆ. ಬುದ್ಧಿಯ ಕೆಲಸವನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಭಾಷ್ಯ ನನಗೆ ಬೇರೆ ಸಿಕ್ಕಿಲ್ಲ. ಮೇಲೆ ಕೂತ ಉತ್ಸವಮೂರ್ತಿಯಂತೂ ಥೇಟ್ ಉಪನಿಷತ್ತಿನ ಆತ್ಮವೇ: ಸವಾರಿ ಅವನದು, ಶ್ರಮ ಇವರದು.

ಇನ್ನೊಂದು ರಥ ಯಕ್ಷಗಾನದ್ದು. ಬಡಗುತಿಟ್ಟಿನ ರಂಗಸ್ಥಳದಲ್ಲಿರುವ ಮರದ ಪೀಠದ ಹೆಸರೇ ‘ರಥ’. ಒಡ್ಡೋಲಗದಲ್ಲಿ ಅದು ಸಿಂಹಾಸನ, ಯುದ್ಧ ಬಂತೆಂದರೆ ತೇರು. ಕರ್ಣಾರ್ಜುನ ಕಾಳಗದ ರಾತ್ರಿ ಯಮನ ಪಾಠಕ್ಕೆ ದೊಡ್ಡ ತೊಡಕು ಎದುರಾಗುವುದು ಇದೇ ಪೀಠದ ಪಕ್ಕದಲ್ಲಿ. ಕರ್ಣನ ಸರ್ಪಾಸ್ತ್ರ ಗುರಿ ತಪ್ಪಿದೆ. ಮತ್ತೊಮ್ಮೆ ತೊಡು ಎನ್ನುತ್ತಾನೆ ಅವನ ಸಾರಥಿ ಶಲ್ಯ. ಒಮ್ಮೆ ತೊಟ್ಟದ್ದನ್ನು ಮರಳಿ ತೊಡುವುದಿಲ್ಲ ಎನ್ನುತ್ತಾನೆ ಕರ್ಣ. ಶಲ್ಯ ಸಿಟ್ಟಾಗಿ ಇಳಿದು ನಡೆಯುತ್ತಾನೆ. ಸೂತನ ಮನೆಯಲ್ಲಿ ಬೆಳೆದವನಿಗೆ ಕೊನೆಗೆ ಸೂತನೇ ಇಲ್ಲ!

ಕುದುರೆ ಹುಚ್ಚೆದ್ದರೆ ಏನಾಗುತ್ತದೆಂದು ಯಮ ಹೇಳಿದ್ದಾನೆ. ಸಾರಥಿಯೇ ಇಳಿದುಹೋದರೆ ಏನು ಗತಿ ಎಂದು ಹೇಳಿಲ್ಲ. ಶಲ್ಯನದು ಲೆಕ್ಕಾಚಾರದ ಬುದ್ಧಿ, ಗೆಲ್ಲುವ ದಾರಿ ಅದಕ್ಕೆ ಗೊತ್ತು. ಕರ್ಣನನ್ನು ಹಿಡಿದು ನಿಲ್ಲಿಸಿದ್ದು ತಾಯಿಗೆ ಕೊಟ್ಟ ಮಾತು. ತಾಳಮದ್ದಲೆಯಲ್ಲಿ ಅರ್ಥಧಾರಿಗಳು ಈ ಒಂದು ಘಟ್ಟದಲ್ಲೇ ಗಂಟೆಗಟ್ಟಲೆ ವಾದಕ್ಕೆ ನಿಲ್ಲುವುದು ಸುಮ್ಮನಲ್ಲ. ಶಲ್ಯನ ಪಾತ್ರಧಾರಿ ಜಾಣನಾಗಿದ್ದರೆ ಸಭೆ ಅವನ ಕಡೆಗೇ ವಾಲುವುದುಂಟು. ನಾನು ಕರ್ಣನ ಪಕ್ಷ.